ಹಸಿರು ಬಾವುಟದ ಕುಣಿ

ಚೆಂಡು ಸರಿಯಾದ ಜಾಗದಲ್ಲೇ ನಿಂತಿತ್ತು. ಕುಣಿ ಮಾತ್ರ ಸರಿಯಿರಲಿಲ್ಲ.

ಅದರೊಳಗೆ ಅರ್ಧದ ತನಕ ಸಕ್ಕರೆ. ಅಂಚಿನಲ್ಲಿ ಲೋಬಾನ ಧೂಪದ ಬೂದಿ. ಹೊಳಬಸಪ್ಪ ಆಟದ ಕೋಲನ್ನು ಊರಿ ನಿಂತ. ಹಿಂದಿನಿಂದ ಎಲೆತೋಟದ ಜಮಾಲಸಾಬ ಮೆಲ್ಲಗೆ ಹೇಳಿದ:

"ಚಪ್ಪಲಿ ಬಿಡ್ರಿ, ಸಾಹೇಬ್ರ. ಇಲ್ಲಿ ಯಾರೋ ದೊಡ್ಡವರು ಅದಾರ."

ಅದು ಬೂಟು. ಆದರೂ ಬಿಟ್ಟ.

ಸವಣೂರಿಗೆ ಇಂಜಿನಿಯರನಾಗಿ ವರ್ಗವಾಗಿ ಬಂದ ಮೇಲೆ ಈ ಬಯಲಿನಲ್ಲಿ ಅವನು ಒಬ್ಬನೇ ಗಾಲ್ಫ್ ಆಡುತ್ತಿದ್ದ. ಆಟ ಕಲಿತದ್ದು ಬೆಳಗಾವಿಯ ಕ್ಲಬ್ಬಿನಲ್ಲಿ. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಹ್ಯಾಂಡಿಕ್ಯಾಪ್ ಇರುತ್ತದೆ, ಅವನ ದೌರ್ಬಲ್ಯಕ್ಕೆ ಮೊದಲೇ ಕೊಟ್ಟ ರಿಯಾಯಿತಿ; ಆಟ ಸುಧಾರಿಸಿದಷ್ಟೂ ಅದು ಇಳಿಯುತ್ತದೆ. ಹೊಳಬಸಪ್ಪನದು ಹದಿನಾಲ್ಕು. ಬರುವ ರವಿವಾರ ಅಲ್ಲಿಯ ಪಂದ್ಯದಲ್ಲಿ ಅದನ್ನು ಹತ್ತಕ್ಕೆ ಇಳಿಸಬೇಕು. ಬದುಕಿನಲ್ಲಿ ಅವನು ಅಳೆದು ನೋಡಬಹುದಾದದ್ದು ಅದೊಂದೇ ಉಳಿದಿತ್ತು.

"ಅದು ಸೊನ್ನೆ ಆದಮ್ಯಾಲ ಏನ್ರಿ?" ಎಂದು ಒಮ್ಮೆ ಹೆಂಡತಿ ಮಾದೇವಿ ಕೇಳಿದ್ದಳು.

ಕುಣಿ ತೋಡಲು ಹೇಳಿದಾಗ ಆಳು ಮಾರೆಪ್ಪ, "ಯಾರಿಗ್ರಿ?" ಎಂದಿದ್ದ. ಈ ಕಡೆ ಕುಣಿಯೆಂದರೆ ಹೆಣ ಹೂಳುವ ಗುಂಡಿಯೂ ಹೌದು. ಆ ಮಾತಿಗೆ ಹೊಳಬಸಪ್ಪ ಇಡೀ ದಿನ ನಕ್ಕಿದ್ದ.

ಇದೊಂದು ಆಟದ ಗುಂಡಿ, ಒಳಗೆ ಯಾರೂ ಇಲ್ಲ ಎಂದು ಜಮಾಲಸಾಬನಿಗೆ ತಿಳಿಸಿ ಹೇಳಬೇಕೆಂದುಕೊಂಡ. ಅದರ ಬದಲು, ಇದನ್ನು ಶುರು ಮಾಡಿದವರು ಯಾರೆಂದು ಕೇಳಿದ.

ಜಮಾಲಸಾಬ ತುಸು ಅನುಮಾನಿಸಿದ. "ನಿಮ್ಮ ಮನಿಯವರ, ಸಾಹೇಬ್ರ. ನಾವು ಬರೇ ಹಸಿರು ನಿಶಾನಿ ನೋಡಿ, ಯಾರೋ ಪೀರರ ಗೋರಿ ಇದ್ದೀತಂತ ಕೈ ಮುಗದು ಹೋಗತಿದ್ವಿ. ಸಾಹೇಬರ ಮನಿಯವರ ಸಕ್ಕರಿ ಇಟ್ಟಮ್ಯಾಲ, ಖರೇನ ಇರಬೇಕಂತ ನಾವೂ ಇಟ್ಟಿವಿ."

ಕುಣಿಯ ಗುರುತಿಗೆ ಬದಿಯಲ್ಲಿ ನೆಟ್ಟ ಬಾವುಟ ಗಾಳಿಗೆ ಒಮ್ಮೆ ಬಿಚ್ಚಿಕೊಂಡು ಮತ್ತೆ ತನ್ನ ಗಳಕ್ಕೆ ಸುತ್ತಿಕೊಂಡಿತು. ಅದಕ್ಕೆ ಹಳೆಯ ಬಟ್ಟೆಯೊಂದು ಬೇಕೆಂದಾಗ ಮಾದೇವಿ ಟ್ರಂಕಿನಿಂದ ತನ್ನ ಕುಬಸದ ಸೀರೆ ತೆಗೆದು, ಸೆರಗು ಹರಿದು ಕೊಟ್ಟಿದ್ದಳು. ಬಸುರಿಗೆ ಏಳು ತುಂಬಿದಾಗ ಉಡಿಸಿದ ಹಸಿರು ಸೀರೆ. ದೂರದಿಂದ ಚೆನ್ನಾಗಿ ಕಾಣುತ್ತದೆ ಎಂದು ಅವನು ಮೆಚ್ಚಿಕೊಂಡಿದ್ದ.

ಕೂಸು ಉಸಿರಿಲ್ಲದೆ ಹುಟ್ಟಿದ ದಿನ ಅವನು ಬೆಳಗಾವಿಯಲ್ಲಿದ್ದ. ಅಂದೇ ಆಟದಲ್ಲಿ ಹದಿನಾಲ್ಕಕ್ಕೆ ಇಳಿದಿದ್ದ. ಕೂಸನ್ನು ಎಲ್ಲಿ ಮಣ್ಣು ಮಾಡಿದರೆಂದು ಅವನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಜಮಾಲಸಾಬ ತೋಟದ ಕಡೆ ಹೋದ. ಬಿಸಿಲು ಇಳಿಯುವ ಹೊತ್ತಿಗೆ ಮಾದೇವಿ ಬಂದಳು, ಕೈಯಲ್ಲಿ ಪೇಪರಿನ ಪೊಟ್ಟಣ. ಗಂಡ ಬರಿಗಾಲಲ್ಲಿ ನಿಂತದ್ದನ್ನು ನೋಡಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಯಾಕ ನಿಂತ್ರಿ? ಹೊಡೀರಿ."

"ಇದು ನಿನಗ ಗೊತ್ತಿತ್ತಲ್ಲ, ಆಟದ್ದಂತ."

"ಗೊತ್ತಿತ್ತು."

ಅವಳನ್ನು ಮುಟ್ಟಬೇಕೆನಿಸಿತು. ಆದರೆ ಎರಡೂ ಕೈ ಕೋಲನ್ನು ಹಿಡಿದಿದ್ದವು. ಕಾಲು ಅಗಲಿಸಿ, ತಲೆ ಬಗ್ಗಿಸಿ, ಕಲಿತಂತೆಯೇ ಹೊಡೆದ. ಚೆಂಡು ನೇರವಾಗಿ ಉರುಳಿ ಕುಣಿಗೆ ಬಿತ್ತು. ಸದ್ದೇ ಆಗಲಿಲ್ಲ.

"ಇಳೀತೇನ್ರಿ?"

"ಇಳೀತು."

ಮಾದೇವಿ ಕುಕ್ಕರಗಾಲಲ್ಲಿ ಕುಳಿತು ಪೊಟ್ಟಣ ಬಿಚ್ಚಿ, ಚೆಂಡಿನ ಮೇಲೆಯೇ ಸಕ್ಕರೆ ಸುರಿದಳು. ಚೆಂಡು ಬೆಳ್ಳಗೆ, ಗುಂಡಗೆ, ಕೂಸಿನ ನೆತ್ತಿಯಷ್ಟು ಮಾತ್ರ ಮೇಲೆ ಉಳಿಯಿತು. ಅದನ್ನು ತೆಗೆಯಲು ಅವನು ಬಗ್ಗಲಿಲ್ಲ. ಅಂಚಿನಿಂದ ಒಂದು ಇರುವೆ ಇಳಿದು, ಸುತ್ತ ಹುಡುಕಿ, ಅದರ ಮೇಲೆ ಹತ್ತತೊಡಗಿತು.