ಸ್ಟೆಫ್ಕಾಳ ಹೊಲದ ಕುಯ್ಲು

ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಆರು ಜನರೂ ಕೈ ಒರೆಸಿಕೊಳ್ಳುತ್ತ ಒಮ್ಮೆ ಪಶ್ಚಿಮದ ಆಕಾಶ ನೋಡಿದರು. ಅದನ್ನು ಯಾರೂ ತಪ್ಪು ತಿಳಿಯಲಿಲ್ಲ. ಅಕ್ಟೋಬರಿನ ಎರಡನೇ ವಾರ, ಒಣ ಗಾಳಿ, ಆರೂ ಜನರ ಗೋಧಿ ಇನ್ನೂ ಹೊಲದಲ್ಲೇ ನಿಂತಿತ್ತು. ಇಂಥ ದಿನ ಕಟಾವು ಯಂತ್ರ ನಿಲ್ಲಿಸಿ ಬರುವುದೆಂದರೆ ಕೆನಡಾದ ಸಸ್ಕಾಚೆವಾನಿನಲ್ಲಿ ಸತ್ತವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಸ್ಟೆಫ್ಕಾ ಬದುಕಿದ್ದರೆ ಅವಳೂ ಮೊದಲು ಆಕಾಶವನ್ನೇ ನೋಡುತ್ತಿದ್ದಳು.

ನೋಡದಿದ್ದವನು ಅವಳ ಗಂಡ ವಾಸಿಲ್ ಒಬ್ಬನೇ. ಹೊಲ ಮಾರಿ ಪೇಟೆಗೆ ಹೋಗಿ ಆರು ವರ್ಷವಾದರೂ ದಿನಕ್ಕೆ ಮೂರು ಸಲ ಟೀವಿಯಲ್ಲಿ ಹವಾಮಾನ ವರದಿ ನೋಡುವ ಮನುಷ್ಯ, ಬೆಳಗಿನಿಂದ ತಲೆ ಎತ್ತಿರಲಿಲ್ಲ.

ಊಟ ಚರ್ಚಿನ ನೆಲಮಾಳಿಗೆಯಲ್ಲಿತ್ತು. ಮೊದಲು ಪದ್ಧತಿಯಂತೆ ಜೇನು ಬೆರೆಸಿ ಬೇಯಿಸಿದ ಗೋಧಿ, ಎಲ್ಲರಿಗೂ ಒಂದೊಂದು ಚಮಚ. ಆಮೇಲೆ ಆಲೂಗಡ್ಡೆ ತುಂಬಿದ ಪೆರೊಗಿ ಕಡುಬು.

"ಸ್ಟೆಫ್ಕಾ ಇದ್ದಿದ್ರೆ ಈ ಪೆರೊಗಿ ನೋಡಿ ಅತ್ತುಬಿಡ್ತಿದ್ಲು," ಅಂದ ಓರೆಸ್ಟ್. ವಾಸಿಲ್‌ನ ಹಳೆಯ ಹೊಲಕ್ಕೆ ಬೇಲಿ ಹಂಚಿಕೊಂಡಿದ್ದವನು. "ಚಪ್ಪಲಿ ಅಟ್ಟೆ ಆಗಿದೆ."

"ಮಾಡಿದ್ದು ನಾನೇ," ಅಂದಳು ಅವನ ಹೆಂಡತಿ ಸೋನ್ಯಾ. "ಎಂಟು ತಿಂದಾದ್ಮೇಲೆ ಗೊತ್ತಾಯ್ತಾ?"

ಮೇಜಿನ ಕೊನೆಯಲ್ಲಿ ಮೊಮ್ಮಗಳು ಲಾರಿಸಾ ಚೀಲವನ್ನೆಲ್ಲ ಬರಿದು ಮಾಡಿ ಹುಡುಕುತ್ತಿದ್ದಳು. ಅವಳ ಕೈಯಲ್ಲಿ ಪುಸ್ತಕದಷ್ಟು ಅಗಲದ ಗೇಮ್ ಸೆಟ್. ಅದರ ಮೂಲೆಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು.

"ಏನಮ್ಮಾ ಹುಡುಕ್ತಿದೀಯ?"

"ಚಾರ್ಜರ್, ಓರೆಸ್ಟ್ ತಾತ. ಮನೇಲೇ ಬಿಟ್ಟುಬಂದಿದೀನಿ."

"ಮಣ್ಣು ಮಾಡಿದ ದಿನಾನೂ ಆಟನಾ?"

"ನನ್ನ ಆಟ ಅಲ್ಲ, ಅಜ್ಜಿದು, ಬೇಸಾಯದ ಆಟ. ಗುರುವಾರ ಅಜ್ಜಿ ಹೋದಾಗ ಇದು ತೊಡೆ ಮೇಲಿತ್ತು. ಎಲ್ಲಿಗೆ ನಿಲ್ಲಿಸಿದ್ಲೋ ಅಲ್ಲೇ ನಿಂತಿದೆ. ಮುಟ್ಟೋಕೆ ನಂಗೆ ಧೈರ್ಯ ಬರ್ಲಿಲ್ಲ. ಈಗ ಚಾರ್ಜ್ ಮುಗೀತಾ ಇದೆ. ಇದರೊಳಗಿನ ಹೆಂಗಸು ದಿನ ಮುಗಿಸಿ ಮಲಗಿದ್ರೇನೇ ಮಾಡಿದ ಕೆಲಸ ಉಳಿಯೋದು. ಮಧ್ಯೆ ನಿಂತ್ರೆ ಅಜ್ಜಿ ಕೊನೇ ದಿನ ಮಾಡಿದ್ದೆಲ್ಲ ಹೋಗುತ್ತೆ."

"ಹಾಗಾದ್ರೆ ಮಲಗಿಸ್ಬಿಡು."

"ಮಲಗಿಸಿದ್ರೆ ನಾಳೆಯಿಂದ ಚಳಿಗಾಲ. ಹೊಲದಲ್ಲಿ ನಿಂತಿರೋದೆಲ್ಲ ಹಿಮ ಬಿದ್ದು ಸತ್ತುಹೋಗುತ್ತೆ."

ಓರೆಸ್ಟ್ ಅಗಿಯುವುದನ್ನು ನಿಲ್ಲಿಸಿದ. "ಏನು ನಿಂತಿದೆ?"

"ಕುಂಬಳಕಾಯಿ. ಅರವತ್ತು. ಎಲ್ಲಾ ಹಣ್ಣಾಗಿದೆ. ಯಾರಿಗಾದ್ರೂ ತೋರಿಸ್ಬೇಕು ಅಂತ ಎಷ್ಟು ಆಸೆ ಇತ್ತು ಅಜ್ಜಿಗೆ."

"ಅವತ್ತು ಹವಾಮಾನ ವರದಿ ಬರ್ತಿತ್ತು," ಅಂದ ವಾಸಿಲ್.

ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು.

* * *

ಹತ್ತೊಂಬತ್ತು ವರ್ಷದ ಹಿಂದೆ ಕುಯ್ಲಿನ ಹೊತ್ತಿಗೇ ವಾಸಿಲ್‌ಗೆ ಎದೆಯ ಆಪರೇಷನ್ ಆಗಿತ್ತು. ಒಂದು ಬೆಳಿಗ್ಗೆ ಯಾರೂ ಕರೆಯದೆ ಹನ್ನೊಂದು ಕಟಾವು ಯಂತ್ರಗಳು ಅವನ ಹೊಲಕ್ಕೆ ಬಂದವು. ಮುಂದಿನದರಲ್ಲಿ ಓರೆಸ್ಟ್ ಇದ್ದ. ಎರಡು ವಾರದ ಕೆಲಸ ಸಂಜೆಗೆ ಮುಗಿಯಿತು. ಸ್ಟೆಫ್ಕಾ ನಲವತ್ತು ಜನಕ್ಕೆ ಅಡುಗೆ ಮಾಡಿ, ಹೊಲಕ್ಕೆ ಹೊತ್ತು ಬಡಿಸಿದಳು.

ನಲವತ್ತೆಂಟು ವರ್ಷ ಅವಳು ಆ ಹೊಲಕ್ಕೆ ಊಟ ಹೊತ್ತಳು. ಯಾವ ವರ್ಷ ಏನು ಬಿತ್ತಬೇಕೆಂದು ಅವಳನ್ನು ಒಮ್ಮೆಯೂ ಕೇಳಿದವರಿಲ್ಲ. ಒಂದು ಸಲ ಅವಳೇ ಬಾಯಿಬಿಟ್ಟು, ರಸ್ತೆ ಬದಿಯ ತುಂಡಿನಲ್ಲಿ ಕುಂಬಳ ಹಾಕೋಣ, ನೋಡೋಕೆ ಚೆಂದ ಅಂದಿದ್ದಳು.

"ಅಷ್ಟು ಕುಂಬಳ ಯಾರು ತಿಂತಾರೆ, ಹಂದಿನಾ?" ಅಂದಿದ್ದ ವಾಸಿಲ್. ಆ ಮಾತು ಅಲ್ಲಿಗೇ ಮುಗಿದಿತ್ತು.

ಪೇಟೆಗೆ ಬಂದ ಮೇಲೆ ಒಂದು ಕ್ರಿಸ್‌ಮಸ್ಸಿಗೆ ಲಾರಿಸಾ ಈ ಸೆಟ್ಟನ್ನು ಬಿಟ್ಟುಹೋದಳು. ಒಂದು ವಾರ ಸ್ಟೆಫ್ಕಾ ಅದನ್ನು ದೂರದಿಂದ ನೋಡಿದಳು, ಎರಡನೇ ವಾರ ಅದರ ಹೊಲದಲ್ಲಿ ಕಳೆ ಕಿತ್ತಳು, ಮೂರನೇ ವಾರ ಅವಳಿಗೆ ಒಂದು ಬಾವಿ, ಆರು ಕೋಳಿ, ತಲೆಗೆ ಕೆಂಪು ಚೌಕ ಕಟ್ಟಿದ ಪುಟ್ಟ ಹೆಂಗಸೊಬ್ಬಳು ಇದ್ದಳು.

"ಕೈಗೆ ಮಣ್ಣು ಮೆತ್ತದ ಹೊಲ ಅದೆಂಥ ಹೊಲ?" ಎಂದು ವಾಸಿಲ್ ಛೇಡಿಸುತ್ತಿದ್ದ.

"ಮೆತ್ತಿದ್ದು ಸಾಕಾಗಿದೆ. ಇಲ್ಲಿ ಆಲಿಕಲ್ಲು ಬೀಳಲ್ಲ, ಬ್ಯಾಂಕಿನೋನು ಬರಲ್ಲ. ನೀರು ಹಾಕಿದ್ರೆ ಬೆಳೆಯುತ್ತೆ, ಅಷ್ಟೇ. ನಾನು ಎದ್ದು ಹೋದ್ರೆ ಬರೋವರೆಗೂ ಸೂರ್ಯನೂ ಕಾಯ್ತಾನೆ. ನಮ್ಮ ಹೊಲದಲ್ಲಿ ನನಗೋಸ್ಕರ ಯಾವತ್ತು ಏನು ಕಾದಿತ್ತು?"

ಅವನು ಟೀವಿಯ ದನಿ ಜೋರು ಮಾಡಿದ್ದ.

ಗುರುವಾರ ಅವಳು ಕುರ್ಚಿಯಿಂದಲೇ ಕರೆದಳು: "ವಾಸಿಲ್, ಒಂದ್ಸಲ ಬಾ ಇಲ್ಲಿ. ನನ್ನ ಕುಂಬಳ ಹಣ್ಣಾಗಿದೆ." "ವರದಿ ಮುಗೀಲಿ," ಅಂದ. ವರದಿ ಮುಗಿಯಲು ಆರು ನಿಮಿಷ ಹಿಡಿಯಿತು. ಶುಕ್ರವಾರ ಒಣಹವೆ ಎಂದು ಹೇಳುತ್ತಲೇ ಅವನು ಪಕ್ಕದ ಕೋಣೆಗೆ ಹೋದ. ಕೇಳುವವರು ಇರಲಿಲ್ಲ.

* * *

ಓರೆಸ್ಟ್ ಬಾಯಿ ಒರೆಸಿಕೊಂಡು ಎದ್ದ. "ಎಷ್ಟು ಹೊತ್ತು ಉಳಿದಿದೆ?"

"ಹತ್ತು ನಿಮಿಷ ಇರಬಹುದು. ಪೇಟೆಗೆ ಹೋಗಿ ಚಾರ್ಜರ್ ತರೋಕೆ ಒಂದು ಗಂಟೆ ಬೇಕು."

"ಹಾಗಾದ್ರೆ ಕೂತು ಮಾತಾಡೋ ಕೆಲಸ ಅಲ್ಲ ಇದು." ಅವನು ಉಳಿದ ಗಂಡಸರ ಕಡೆ ತಿರುಗಿದ. "ಬರ್ರೋ."

ಶವ ಹೊತ್ತ ಆರೂ ಜನ ಸೂಟಿನಲ್ಲೇ ಲಾರಿಸಾಳ ಸುತ್ತ ನೆರೆದರು. ಪರದೆಯ ಮೇಲೆ ಸಂಜೆಯಾಗಿತ್ತು. ಕೆಂಪು ಚೌಕದ ಹೆಂಗಸು ಹೊಲದ ಬದುವಿನಲ್ಲಿ ನಿಂತಿದ್ದಳು. ಅವಳ ಮುಂದೆ ಆರು ಸಾಲು ಕುಂಬಳ.

"ಸಾಲು ನೇರ ಇದೆ," ಅಂದ ಒಬ್ಬ. ಅಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೊದಲು ಓರೆಸ್ಟ್ ಕೈ ಹಾಕಿದ. ಹನ್ನೊಂದು ಯಂತ್ರಗಳ ಮುಂದಾಳು ಹೆಂಗಸನ್ನು ನೆಟ್ಟಗೆ ಕೆರೆಯ ಕಡೆ ಓಡಿಸಿದ.

"ಲೋ, ಲೋ, ಮುಳುಗಿಸ್ತೀಯ ಅವಳನ್ನ!"

"ನಿನಗೆ ಬೇಲಿ ಯಾವುದು ಕೆರೆ ಯಾವುದು ಇನ್ನೂ ಗೊತ್ತಾಗಲ್ವೇನೋ?"

"ಬಟನ್ನು ಬಟಾಣಿ ಕಾಳಿನಷ್ಟಿದೆ, ನನ್ನ ಬೆರಳು ನೋಡು!"

ಒಂದು ಕೈ ಗುಂಪಿನ ನಡುವೆ ತೂರಿ ಬಂತು. "ಕೊಡಿಲ್ಲಿ," ಅಂದ ವಾಸಿಲ್.

ಜನ ಸರಿದು ದಾರಿ ಬಿಟ್ಟರು. ಅವನು ಹೆಬ್ಬೆರಳನ್ನು ಕೋಟಿಗೆ ಒರೆಸಿ, ಲಾರಿಸಾ ತೋರಿಸಿದ ಬಟನ್ ಒತ್ತಿದ. ಹತ್ತಿರದ ಸಾಲು ಬಿಟ್ಟು ದೂರದ ಸಾಲಿನಿಂದ ಶುರುಮಾಡಿದ, ಐವತ್ತು ವರ್ಷ ಮಾಡಿದ ಹಾಗೆ. ಮೊದಲ ಕಾಯಿಗೆ ಮೂರು ಸಲ ಒತ್ತಬೇಕಾಯಿತು. ಎರಡನೇ ಸಾಲಿಗೆ ಕೈ ಕುದುರಿತು. ಪರದೆಯಲ್ಲಿ ಕತ್ತಲಾಗುತ್ತಿತ್ತು. ಹೆಂಗಸರೂ ಬಂದು ನಿಂತರು. ಸೋನ್ಯಾ ಎಣಿಸುತ್ತಿದ್ದಳು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು ಆದಾಗ ಯಾರೋ ಮೇಜು ಬಡಿದರು.

ಮನೆಯ ದಾರಿಯಲ್ಲಿ ಕೊಟ್ಟಿಗೆಯಿಂದ ಒಂದು ದಪ್ಪ ಹಂದಿ ಬಂದು ಹೆಂಗಸಿನ ಕಾಲಿಗೆ ಮೂತಿ ತಿಕ್ಕಿತು. ಅದರ ತಲೆಯ ಮೇಲೆ ಏನೋ ಬರೆದಿತ್ತು. ಕನ್ನಡಕ ವಾಸಿಲ್‌ನ ಜೇಬಿನಲ್ಲಿತ್ತು.

"ಏನು ಬರೆದಿದೆ?"

ಲಾರಿಸಾ ತುಟಿ ಕಚ್ಚಿಕೊಂಡಳು. "ಅದರ ಹೆಸರು, ತಾತ."

"ಏನು ಹೆಸರು?"

"ವಾಸಿಲ್."

ನೆಲಮಾಳಿಗೆ ಒಂದು ಕ್ಷಣ ತಡೆದುಕೊಂಡಿತು. ಆಮೇಲೆ ಓರೆಸ್ಟ್‌ಗೆ ಆಗಲಿಲ್ಲ. ಅವನು ನಕ್ಕದ್ದೇ ಎಲ್ಲರೂ ನಕ್ಕರು, ಸೋನ್ಯಾ ಮುಖಕ್ಕೆ ಏಪ್ರನ್ ಒತ್ತಿಕೊಂಡು ನಕ್ಕಳು. ವಾಸಿಲ್ ನಗಲಿಲ್ಲ.

"ಏನು ತಿನ್ನುತ್ತೆ ಇದು?"

"ಏನು ಕೊಟ್ರೂ ತಿನ್ನುತ್ತೆ. ಅಜ್ಜಿ ಕುಂಬಳಕಾಯಿನೇ ಕೊಡ್ತಿದ್ಲು."

ಅವನು ಅರವತ್ತರಲ್ಲಿ ಒಂದನ್ನು ತೆಗೆದು ಹಂದಿಯ ಮುಂದಿಟ್ಟ. ಅದು ಪೂರ್ತಿ ತಿನ್ನುವವರೆಗೆ ಕಾದ. ಲಾರಿಸಾ ಕೆಂಪು ದೀಪ ನೋಡಿದಳು, ಬೇಗ ಎನ್ನಲು ಬಾಯಿ ತೆರೆದವಳು ತಾತನ ಕಣ್ಣಿನಲ್ಲಿ ನೀರು ಕಂಡು ಆ ದೀಪವನ್ನು ಬೆರಳಿನಿಂದ ಮುಚ್ಚಿದಳು.

ಮನೆಯೊಳಗೆ ಹಾಸಿಗೆಯ ಬಳಿ ಪರದೆ ಕೇಳಿತು: ಇವತ್ತಿನ ಕೆಲಸ ಮುಗಿಯಿತೇ?

ವಾಸಿಲ್ 'ಹೌದು' ಒತ್ತಿದ. ಕತ್ತಲಾಯಿತು.

"ಉಳೀತು," ಅಂದಳು ಲಾರಿಸಾ. "ಎಲ್ಲಾ ಉಳೀತು ತಾತ."

ಗಂಡಸರು ಟೋಪಿ ಹಾಕಿಕೊಂಡರು. ಹಗಲು ಇನ್ನೂ ನಾಲ್ಕು ಗಂಟೆ ಇತ್ತು. ಹೊರಗೆ ಒಂದೊಂದೇ ಗಾಡಿ ಹೊಲಗಳ ಕಡೆ ಹೊರಟ ಸದ್ದು ಕೇಳಿತು.

ಪರದೆಯಲ್ಲಿ ಬೆಳಗಾಗಿತ್ತು. ವಾಸಿಲ್ ಹೊಲ ನೋಡಲೆಂದು ಹೆಂಗಸನ್ನು ಬಾಗಿಲಾಚೆ ತಂದ. ಹಿಮ ಬೀಳುತ್ತಿತ್ತು. ಆರು ಸಾಲೂ ಬೆಳ್ಳಗೆ, ಖಾಲಿ. ಏನೂ ಒತ್ತದಿದ್ದುದರಿಂದ ಅವಳು ಅಲ್ಲೇ ನಿಂತಳು, ಚೌಕದ ಮೇಲೆ ಹಿಮ ಕೂರತೊಡಗಿತು.

"ಒಳಗೆ ಹೋಗೋಕೆ ಯಾವುದು ಒತ್ತಬೇಕು?"

"ಬೇಕಿಲ್ಲ ತಾತ, ಇನ್ನು ಆಫ್ ಆದ್ರೂ ಏನೂ ಹೋಗಲ್ಲ."

"ಯಾವುದು, ಹೇಳು. ಹೊರಗೆ ಚಳಿ ಇದೆ."

ಅವಳು ತೋರಿಸಿದಳು. ಅವನು ಹೆಂಗಸನ್ನು ಒಳಗೆ ಕರೆತಂದು, ಒಲೆಯ ಪಕ್ಕಕ್ಕೆ ನಡೆಸಿ ನಿಲ್ಲಿಸಿದ. ಆಮೇಲೆ ಸೆಟ್ಟನ್ನು ಮೇಜಿನ ಮೇಲೆ, ಜೇನುಗೋಧಿಯ ಬಟ್ಟಲಿನ ಪಕ್ಕ, ಮುಖ ಮೇಲೆ ಮಾಡಿ ಇಟ್ಟ.