ನೀಲಿ ಹರವಿಗೊಂದು ಸುಳ್ಳು

ಗೋಕಾಕದಲ್ಲಿ ನೂಲಿಗೆ ನೀಲಿ ಹಾಕುವ ನೀಲಗಾರ ದುಂಡಪ್ಪನ ಬಣ್ಣದ ಹರವಿ ಶ್ರಾವಣದ ಒಂದು ಸೋಮವಾರ ಬೆಳಗ್ಗೆ ಕೆಟ್ಟಿತು. ಊರವರು ಬಸರಾ ಲಡಾಯಿ ಎನ್ನುತ್ತಿದ್ದ ಮೊದಲ ಮಹಾಯುದ್ಧದ ಮೂರನೇ ವರ್ಷ ಅದು. ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದ ಆ ಮಣ್ಣಿನ ಹರವಿಯನ್ನು ತುಂಬಿಟ್ಟವನು ಅವನ ಅಪ್ಪ. ಅಂದಿನಿಂದ ಅದು ಒಮ್ಮೆಯೂ ಬರಿದಾಗಿರಲಿಲ್ಲ. ತಗಚಿ ಬೀಜದ ಗಂಜಿ, ಸುಣ್ಣ, ಬೆಲ್ಲ, ನೀಲಿಯ ಬಿಲ್ಲೆ, ಹೊತ್ತು ಹೊತ್ತಿಗೆ ಇಷ್ಟಿಷ್ಟು ಹಾಕುತ್ತ ದುಂಡಪ್ಪ ಅದನ್ನು ಮನೆಯ ಹಿರಿಯರಂತೆ ನೋಡಿಕೊಂಡಿದ್ದ.

ಹರವಿ ಸುಖವಾಗಿದ್ದಾಗ ಮೇಲೆ ತಾಮ್ರದ ಬಣ್ಣದ ನೊರೆ ಇರುತ್ತಿತ್ತು, ಕೆಳಗೆ ಹಳದಿಗೂ ಹಸಿರಿಗೂ ನಡುವಿನ ನೀರು. ಅದರಲ್ಲಿ ಅದ್ದಿದ ನೂಲು ಹಸಿರಾಗಿಯೇ ಹೊರಗೆ ಬರುತ್ತಿತ್ತು. ಗಾಳಿ ತಾಗಿದ್ದೇ ತಡ, ಕಣ್ಣೆದುರೇ ನೀಲಿಯಾಗುತ್ತಿತ್ತು. ಆಮೇಲೆ ಹೊಳೆಯಲ್ಲಿ ಎಷ್ಟು ಒಗೆದರೂ ಆ ನೀಲಿ ಹೋಗುತ್ತಿರಲಿಲ್ಲ. ಇವತ್ತು ನೊರೆ ಇರಲಿಲ್ಲ, ಕೊಳೆತ ವಾಸನೆ ಮೂಗಿಗೆ ಬಡಿಯಿತು, ನೂಲು ಬೂದಿ ಮೆತ್ತಿದಂತೆ ಹೊರಬಂತು.

ಮೊದಲು ಅವನು ಬಿಲ್ಲೆಯನ್ನು ಬೈದ. ಲಡಾಯಿಯಿಂದಾಗಿ ಜರ್ಮನಿಯ ಡಬ್ಬಿ ನೀಲಿ ಬರುವುದು ನಿಂತು, ವ್ಯಾಪಾರಿಗಳು ಮರಳು ಬೆರೆಸಿದ ನಾಡ ನೀಲಿಯನ್ನು ಮಾರುತ್ತಿದ್ದರು. ಒಂದು ಬಿಲ್ಲೆಯನ್ನು ಪುಡಿಮಾಡಿ ತಂಬಿಗೆಯ ನೀರಿನಲ್ಲಿ ಕಲಕಿದ. ಮರಳು ತಳಕ್ಕೆ ಕೂತಿತು. ಮೇಲಿನ ನೀಲಿಯನ್ನು ಬಸಿದುಕೊಂಡ. ಬೆರಕೆಗೆ ಇಷ್ಟೇ ಕೆಲಸ. ಆದರೆ ಹರವಿಯೊಳಗೆ ಏನೂ ಬೆರೆತಿರಲಿಲ್ಲ, ಇದ್ದದ್ದೇ ಬೇರೆಯಾಗಿ ಹೋಗಿತ್ತು. ಅದನ್ನು ಯಾವ ಬಟ್ಟೆಯಲ್ಲಿ ಸೋಸುವುದು?

ಅದಕ್ಕೆ ನೀಲಗಾರರ ಓಣಿಯಲ್ಲಿ ಒಂದೇ ಮದ್ದು ಇತ್ತು. ಊರಲ್ಲಿ ಒಂದು ಸುಳ್ಳು ಸುದ್ದಿ ಬಿಡಬೇಕು. ಅದನ್ನು ನಂಬಿದವರು ಹೆಚ್ಚಿದಷ್ಟೂ ಹರವಿ ಸುಧಾರಿಸುತ್ತದೆ. ನಗುವವರು ನಗಲಿ, ಅವರ ಹರವಿ ಕೆಟ್ಟಿಲ್ಲ.

ದುಂಡಪ್ಪ ಪೇಟೆಗೆ ಹೋಗಿ, ಕಲ್ಲೋಳಿಯಲ್ಲಿ ಎರಡು ಬಾಯಿಯ ಕರು ಹುಟ್ಟಿದೆ ಎಂದ. ಅವನಲ್ಲಿ ನೂಲು ಬಿಟ್ಟುಹೋಗಿದ್ದ ನೇಕಾರ ಬಸವಣ್ಣೆಪ್ಪ ಬಾಯ್ತುಂಬ ನಕ್ಕ. "ಯಾಕೋ ದುಂಡಪ್ಪಾ, ನೀಲಿ ಕೆಟ್ಟೈತೇನು?" ಪೇಟೆಗೆ ಪೇಟೆಯೇ ನಕ್ಕಿತು. ಇಂಥ ಕರುಗಳನ್ನು ಗೋಕಾಕದವರು ಅವನ ಅಜ್ಜನ ಕಾಲದಿಂದ ಕಂಡಿದ್ದರು.

ಮುಖ ಕೆಳಗೆ ಹಾಕಿಕೊಂಡು ಮನೆಗೆ ಬಂದರೆ ಅಂಗಳದಲ್ಲಿ ಪದ್ಮವ್ವ ತಗಚಿ ಕುಟ್ಟುತ್ತಿದ್ದಳು. ಹತ್ತು ವರ್ಷದಿಂದ ಅವರ ಮನೆಯಲ್ಲಿ ದುಡಿಯುತ್ತಿದ್ದ ವಿಧವೆ. ಒಬ್ಬನೇ ಮಗ ಲಗಮಪ್ಪ ಪಲ್ಟಣ ಸೇರಿ ಬಸರಾದ ಲಡಾಯಿಗೆ ಹೋಗಿದ್ದ. ಎಂಟು ತಿಂಗಳಿಂದ ಅವನ ಕಾಗದವಿರಲಿಲ್ಲ.

"ಪದ್ಮವ್ವಾ, ಲಡಾಯಿ ನಿಂತೈತಂತ," ಎಂದ ದುಂಡಪ್ಪ. "ಕಚೇರಿಗೆ ತಾರು ಬಂದೈತಿ. ನಮ್ಮ ಹುಡುಗರನ್ನ ಹಡಗ ಹತ್ತಿಸ್ಯಾರಂತ. ಈ ವಾರದಾಗ ಗಾಡಿಗೆ ಬರ್ತಾರ."

ಸಾವಿನ ಸುಳ್ಳು ಹೇಳುವುದು ಪಾಪ, ಸಂತೋಷದ ಸುಳ್ಳಿನಿಂದ ಯಾರಿಗೆ ಏನಾದೀತು ಎಂದುಕೊಂಡಿದ್ದ ಅವನು. ಒನಕೆ ಅವಳ ಕೈಯಿಂದ ಜಾರಿತು.

"ಖರೇನ್ರಿ, ಅಣ್ಣಾರ?"

"ಖರೇನ."

ಸಂಜೆಯೊಳಗೆ ಅವಳು ರೊಟ್ಟಿ ಗಂಟು ಕಟ್ಟಿಕೊಂಡು, ಎರಡು ಹರದಾರಿ ದೂರದ ಗೋಕಾಕ ರೋಡ್ ಠೇಸನ್ನಿಗೆ ನಡೆದುಬಿಟ್ಟಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹೇಳಿದಳು. ಅವಳ ಮುಖ ನೋಡಿದವರು ಯಾರೂ ಅನುಮಾನಪಡಲಿಲ್ಲ. ಸುದ್ದಿ ಮೂಡಲಗಿ ಮುಟ್ಟಿತು, ಹುಕ್ಕೇರಿ ಮುಟ್ಟಿತು. ಮಕ್ಕಳನ್ನು ಪಲ್ಟಣಕ್ಕೆ ಕಳಿಸಿದ ತಾಯಂದಿರು ಅಲ್ಲಿಂದಲೂ ಠೇಸನ್ನಿಗೆ ಬರತೊಡಗಿದರು.

ಗುರುವಾರ ಬೆಳಗ್ಗೆ ಹರವಿಯ ಮೇಲೆ ತಾಮ್ರದ ನೊರೆ ಕಟ್ಟಿತ್ತು. ನೂಲು ಹಸಿರಾಗಿ ಬಂದು ನೀಲಿಯಾಯಿತು. ದುಂಡಪ್ಪನಿಗೆ ಕಣ್ಣು ತುಂಬಿ ಬಂತು. ಅದರ ಬೆನ್ನಿಗೇ ಹೆದರಿಕೆಯೂ ಬಂತು.

"ಹರವಿ ನೆಟ್ಟಗಾತಲ್ರಿ," ಎಂದಳು ಹೆಂಡತಿ ಅಕ್ಕವ್ವ. "ಈಗರ ಹೋಗಿ ಆಕಿಗೆ ಹೇಳ್ರಿ."

"ಈಗ ಸುಳ್ಳು ಒಡದರ ಮತ್ತ ಕೆಡತೈತಿ. ಬಸವಣ್ಣೆಪ್ಪನ ನೂಲು ಮುಗೀಲಿ."

"ಮಳಿ ಹತ್ತೇತ್ರಿ. ಆಕಿ ಅಲ್ಲೇ ಕುಂತಾಳಂತ."

ಅವನು ನೂಲಿನ ಮುಂದಿನ ಲಡಿ ಅದ್ದಿದ. ಶುಕ್ರವಾರವೂ ಅದ್ದಿದ, ಶನಿವಾರವೂ ಅದ್ದಿದ. ದುಂಡಪ್ಪ ಕೆಟ್ಟ ಮನುಷ್ಯನಲ್ಲ, ಇದನ್ನು ಹೇಳಲೇಬೇಕು. ಅದರಿಂದ ಪದ್ಮವ್ವನಿಗೇನೂ ಉಪಕಾರವಾಗಲಿಲ್ಲ.

ಎಂಟನೆಯ ದಿನ ನೂಲು ಮುಗಿಯಿತು. ಅವನು ಠೇಸನ್ನಿಗೆ ಹೋದಾಗ ಪದ್ಮವ್ವ ಬೇವಿನ ಮರದ ಬುಡದಲ್ಲಿ ಕೂತಿದ್ದಳು. ಸೀರೆ ಒದ್ದೆ, ಮೈ ಕೆಂಡ, ಕಣ್ಣು ಒಳಕ್ಕೆ ಹೋಗಿದ್ದವು. ಗಂಟಿನ ರೊಟ್ಟಿಗೆ ಬೂಷ್ಟು ಹಿಡಿದಿತ್ತು. ಮಗನಿಗೆಂದು ಇಟ್ಟಿದ್ದಳು, ಮುರಿದು ಒಂದು ಚೂರೂ ಬಾಯಿಗೆ ಹಾಕಿಕೊಂಡಿರಲಿಲ್ಲ. ನೋಡಿದ ದುಂಡಪ್ಪನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಎದುರಿಗೆ ಕುಕ್ಕರಿಸಿದ.

"ಪದ್ಮವ್ವಾ, ನಾ ನಿನಗ ಸುಳ್ಳು ಹೇಳೀನಿ. ಲಡಾಯಿ ನಿಂತಿಲ್ಲ, ತಾರು ಬಂದಿಲ್ಲ. ಹರವಿ ಕೆಟ್ಟಿತ್ತು, ಅದಕ್ಕ ಹೇಳಿದ್ನಿ. ಮನಿಗೆ ನಡಿಯವ್ವಾ."

ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ತಲೆತಗ್ಗಿಸಿ ಕಾದ. ಅವಳು ಅವನನ್ನೇ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ನೀಲಿ ಮತ್ತ ಕೆಟ್ಟೇತೇನ್ರಿ, ಅಣ್ಣಾರ?"

"ಇಲ್ಲವ್ವಾ, ನೀಲಿ ನೆಟ್ಟಗೈತಿ. ಈಗ ಹೇಳೂದ ಖರೆ." ಅವನು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ ಆಣೆ ಇಟ್ಟ.

"ಆಣಿ ಇಟ್ರನ ಅಲ್ರಿ ಮಂದಿ ನಂಬೂದು? ಹತ್ತು ವರ್ಷ ನಿಮ್ಮ ತಗಚಿ ಕುಟ್ಟೀನಿ. ನನಗ ಗೊತ್ತಾಗೂದಿಲ್ಲೇನ್ರಿ?"

ಮತ್ತೆ ಹೇಳಿದ, ಕೈಮುಗಿದ, ಅತ್ತೂ ಬಿಟ್ಟ. ಅತ್ತಷ್ಟೂ ಅವಳಿಗೆ ಅವನ ಹರವಿಯದೇ ಚಿಂತೆ ಹೆಚ್ಚಾಯಿತು. ಅವಳೊಳಗೆ ಖರೆಯೂ ಸುಳ್ಳೂ ಕಲಸಿಕೊಂಡಿದ್ದರೆ ಕೂತು ಆರಿಸಿ ತೆಗೆಯಬಹುದಿತ್ತು. ಒಂದು ಇನ್ನೊಂದಾಗಿಯೇ ಹೋಗಿತ್ತು, ಮಾಡಿದವನು ತಾನೇ, ಮತ್ತು ತನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ದುಂಡಪ್ಪನಿಗೆ ಗೊತ್ತಾಯಿತು.

"ಅಳಬ್ಯಾಡ್ರಿ," ಎಂದಳು ಪದ್ಮವ್ವ. "ನನ್ನ ಮಗ ಬರೂ ಹೊತ್ತಿನ್ಯಾಗ ನಿಮ್ಮ ಮನ್ಯಾಗ ಯಾಕ ದುಃಖ? ತಡೀರಿ, ನಾನೂ ನಾಕು ಮಂದಿಗೆ ಈ ಸುಳ್ಳ ಹೇಳತೇನಿ. ನನ್ನ ಮಾತಾದ್ರ ನಂಬತಾರ."

ಅವನು ಬೇಡವೆನ್ನುವಷ್ಟರಲ್ಲಿ ಅವಳು ಮರ ಹಿಡಿದು ಎದ್ದಳು. ಮೂಡಲಗಿ, ಹುಕ್ಕೇರಿ ಕಡೆಯ ಹೆಂಗಸರು ಛಾವಣಿಯ ಕೆಳಗೆ ಮಧ್ಯಾಹ್ನದ ಗಾಡಿಗೆ ಕಾಯುತ್ತಿದ್ದರು. ತೂರಾಡುತ್ತ ಅವರ ಬಳಿಗೆ ಹೋಗಿ, ನಗು ಕಾಣದಿರಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕೇಳ್ರೆವ್ವಾ, ಲಡಾಯಿ ನಿಂತಿಲ್ಲಂತ. ನಮ್ಮ ಹುಡುಗರು ಯಾರೂ ಬರಂಗಿಲ್ಲಂತ."

ಅವರಲ್ಲೊಬ್ಬಳು ಎದೆ ಬಡಿದುಕೊಂಡು ನೆಲಕ್ಕೆ ಕುಸಿದಳು, ಉಳಿದವರು ಅಳತೊಡಗಿದರು. ಪದ್ಮವ್ವ ದುಂಡಪ್ಪನ ಕಡೆ ತಿರುಗಿ, ನಂಬಿದರು ಎನ್ನುವಂತೆ ತಲೆಯಾಡಿಸಿದಳು.