ರಸಮಟ್ಟದವನ ನಾಚೋಸ್

ಆ ಟೈಲ್ಸ್ ಕೆಲಸದವನಿಗೆ ಜೊತೆಯವರು ಇಟ್ಟ ಹೆಸರು ರಸಮಟ್ಟ. ನೆಲ ಸಮವಾಗಿದೆಯೋ ಇಲ್ಲವೋ ಎಂದು ನೋಡುವ, ಗಾಜಿನ ಕೊಳವೆಯೊಳಗೆ ಗುಳ್ಳೆಯೊಂದು ಅತ್ತಿತ್ತ ಓಡಾಡುವ ಆ ಪಟ್ಟಿಯನ್ನು ಅವನು ಊಟದ ಡಬ್ಬಿ ಮರೆತರೂ ಮರೆಯುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಅದನ್ನು ತಂದು ಓವನ್ನಿನ ತಲೆಯ ಮೇಲಿಟ್ಟ. ಗುಳ್ಳೆ ಎಡಕ್ಕೆ ಸರಿಯಿತು. ನಾನು ಅಂದುಕೊಂಡ ಹಾಗೇ ಇದೆ ಎಂಬಂತೆ ತಲೆಯಾಡಿಸಿ, ಒಂದು ರಟ್ಟು ಮಡಚಿ ಓವನ್ನಿನ ಬಲಗಾಲಿನಡಿ ತುರುಕಿದ. ಚಿಪ್ಸ್ ಮೇಲೆ ಚೀಸ್ ಹಾಕಿ ಬೇಯಿಸುವುದಕ್ಕೆ ಇಷ್ಟೆಲ್ಲ ಯಾಕಪ್ಪಾ ಎಂದು ಕೇಳುವವರು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಹೆಂಡತಿ ನರ್ಸು, ಸಂಜೆಯವರೆಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವಳ ಮಗಳು, ಹನ್ನೊಂದು ವರ್ಷದ ಹುಡುಗಿ, ಕೋಣೆಯ ಬಾಗಿಲು ಹಾಕಿಕೊಂಡು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಸಂಜೆ ದೊಡ್ಡಮ್ಮ ಬಂದು ಕರೆದುಕೊಂಡು ಹೋಗುವವಳಿದ್ದಳು. ಎರಡು ದಿನದ ಮಟ್ಟಿಗಲ್ಲ, ಇನ್ನು ಅಲ್ಲೇ ಇರಲಿಕ್ಕೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಗಳು ಇಬ್ಬರೇ ಇದ್ದ ಮನೆಗೆ ಈ ಮನುಷ್ಯ ಬಂದು ಸೇರಿ ಆರು ತಿಂಗಳಾಗಿತ್ತು. ಹುಡುಗಿ ಜಗಳವಾಡಿರಲಿಲ್ಲ, ಅತ್ತು ರಂಪ ಮಾಡಿರಲಿಲ್ಲ. ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ, ಅವನ ಕೈಯಿಂದ ಏನನ್ನೂ ತಿನ್ನುತ್ತಿರಲಿಲ್ಲ, ಅಷ್ಟೇ.

"ನಾನಂತೂ ಅವಳಿಗೆ ಬಲವಂತ ಮಾಡಲ್ಲ," ಎಂದು ಹೆಂಡತಿ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ್ದಳು. "ಹೋಗಬೇಡ ಅಂತ ನೀವೇ ಒಂದು ಮಾತು ಹೇಳಿ ನೋಡಿ."

ಒಂದು ಮಾತಂತೆ! ಗೋಡೆಗೆ ಎಷ್ಟು ಟೈಲ್ಸ್ ಬೇಕು ಎಂದು ಕೇಳಿ, ನಿಂತ ನಿಲುವಿನಲ್ಲೇ ಹೇಳುತ್ತಾನೆ. ಮನಸ್ಸಿನಲ್ಲಿ ಇರುವುದನ್ನು ಹೇಳು ಎಂದರೆ ಮಾತ್ರ ಈ ಆಸಾಮಿಯ ಬಾಯಿಗೆ ಬೀಗ ಬೀಳುತ್ತದೆ. ಗೆಳತಿಯ ಮನೆಯಲ್ಲಿ ತಿಂದ ನಾಚೋಸ್ ಬಗ್ಗೆ ಹುಡುಗಿ ಅಮ್ಮನ ಹತ್ತಿರ ಬಾಯಿ ತುಂಬ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಅಳೆದೂ ಸುರಿದೂ ಕೊನೆಗೆ ಅದನ್ನೇ ಮಾಡುವುದೆಂದು ತೀರ್ಮಾನಿಸಿ ಎರಡು ಪ್ಯಾಕೆಟ್ ಮುಕ್ಕೋನದ ಜೋಳದ ಚಿಪ್ಸು, ಚೀಸು, ತರಕಾರಿ ಎಲ್ಲ ತಂದಿದ್ದ. ಮೊಬೈಲಿನಲ್ಲಿ ವಿಡಿಯೋ ನೋಡಿದ್ದೂ ಆಗಿತ್ತು. ಓವನ್ನಿನಿಂದ ಟ್ರೇ ಹೊರಗೆ ತೆಗೆಯುವವರೆಗೆ ನೋಡಿ, ಆಮೇಲೇನಿದೆ ಮಣ್ಣು ಎಂದು ನಿಲ್ಲಿಸಿಬಿಟ್ಟಿದ್ದ.

ಮೊದಲು ಚಿಪ್ಸ್ ಆರಿಸಿದ. ಮೂಲೆ ಮುರಿದವು, ಸೀಳಿದವು ಒಂದು ಬಟ್ಟಲಿಗೆ. ಸರಿಯಾಗಿರುವವು ಮಾತ್ರ ಟ್ರೇಗೆ, ಅದೂ ಒಂದರ ತುದಿ ಮೇಲೆ, ಪಕ್ಕದ್ದರ ತುದಿ ಕೆಳಗೆ. ನಡುವೆ ಬೆಂಕಿಕಡ್ಡಿಯಷ್ಟೇ ಸಂದು, ಎಲ್ಲ ಕಡೆಗೂ ಒಂದೇ ಸಮ. ಒಂದರ ಮೇಲೊಂದು ಹತ್ತಿ ಕೂರುವ ಮಾತೇ ಇಲ್ಲ. ಮೇಲೆ ಬೇಯಿಸಿದ ಕಾಳು ಹರಡಿ, ಒಂದು ಚೂರು ಚಿಪ್ಸೂ ಕಾಣದ ಹಾಗೆ ಚೀಸ್ ತುರಿದು, ಕರಣೆ ಹಿಡಿದು ರೂಢಿಯಾದ ಕೈಯಿಂದ ಸಮ ಮಾಡಿದ. ಓವನ್ನಿಗೆ ಇಟ್ಟಾದ ಮೇಲೆ ಟೊಮೇಟೊ, ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ, ಕೊತ್ತಂಬರಿ ಸೊಪ್ಪು ಉದುರಿಸಿ, ನಿಂಬೆಹಣ್ಣು ಹಿಂಡಿದ. ಬೆಣ್ಣೆಹಣ್ಣು ಕಿವುಚಿ ಉಪ್ಪು ಬೆರೆಸಿದ. ಇದೆಲ್ಲ ಬೆಂದ ಮೇಲೆ, ಹಸಿಯಾಗಿಯೇ ಮೇಲೆ ಬೀಳಬೇಕಾದದ್ದು. ಅಲ್ಲಿಯವರೆಗೆ ಅವನ ಲೆಕ್ಕ ತಪ್ಪಿರಲಿಲ್ಲ.

ಟ್ರೇ ಹೊರಗೆ ಬಂತು. ಚೀಸ್ ಕರಗಿ ಅಂಚಿನಲ್ಲಿ ಕೆಂಪಗಾಗಿ ಬುಳುಬುಳು ಎನ್ನುತ್ತಿತ್ತು. ಘಮ ಮನೆಯೆಲ್ಲ ಹಬ್ಬಿ ಕೋಣೆಯ ಬಾಗಿಲ ಸಂದಿಯಲ್ಲೂ ನುಗ್ಗಿರಬೇಕು, ಚಿಲಕ ಸರಿದ ಸದ್ದಾಯಿತು. ಹುಡುಗಿ ಬಂದು ಮೇಜಿನ ಪಕ್ಕ ನಿಂತಳು. ಆರು ತಿಂಗಳಲ್ಲಿ ಮೊದಲ ಸಲ, ಅವನು ಮಾಡಿದ್ದರತ್ತ ಅವಳ ಕೈ ತಾನಾಗಿ ಚಾಚಿತು.

"ಏಯ್, ಮುಟ್ಬೇಡ! ಇನ್ನೂ ಸೆಟ್ ಆಗಿಲ್ಲ!"

ಅಯ್ಯೋ ಪುಣ್ಯಾತ್ಮ! ಬೇಕೆಂದು ಗದರಿದ್ದಲ್ಲ. ಹಾಕಿದ ಕೆಲಸವನ್ನು ಗಟ್ಟಿಯಾಗುವವರೆಗೆ ಯಾರೂ ಮುಟ್ಟಬಾರದು, ಮೆಟ್ಟಬಾರದು ಎಂದು ದಿನಾ ಮನೆ ಮನೆಯಲ್ಲೂ ಕೂಗಿ ಕೂಗಿ ಆ ಮಾತು ಅವನ ಗಂಟಲಲ್ಲೇ ಕೂತುಬಿಟ್ಟಿತ್ತು. ಹುಡುಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳ ಕಣ್ಣು ಒಲೆಯ ಮುಂದಿನ ನೆಲದತ್ತ ಹೋಯಿತು. ಕೋಣೆಗೆ ನಡೆದಳು. ಬ್ಯಾಗಿನ ಜಿಪ್ ಎಳೆದದ್ದು ಅಡುಗೆಮನೆಗೂ ಕೇಳಿಸಿತು.

ಒಲೆಯ ಮುಂದೆ ಒಂದು ಟೈಲ್ಸ್ ಕುಸಿದಿತ್ತು. ಎರಡು ವರ್ಷದ ಹಿಂದೆ, ಇನ್ನೂ ಬರೀ ಕೂಲಿಗೆ ಬಂದವನಾಗಿದ್ದಾಗ, ಈ ಅಡುಗೆಮನೆಗೆ ಟೈಲ್ಸ್ ಹಾಕಿದ್ದು ಅವನೇ. ಹಸಿ ನೆಲದ ಮೇಲೆ ಹುಡುಗಿ ನೀರು ಕುಡಿಯಲೆಂದು ಓಡಿ ಬಂದು ಹಿಮ್ಮಡಿ ಊರಿದ್ದಳು. ಆಗಲೂ ಅವನು ಹೀಗೆಯೇ ಅರಚಿದ್ದ, ಅವಳು ಅತ್ತಿದ್ದಳು. ಕಿತ್ತು ಬೇರೆ ಹಾಕುವುದು ಅವನಿಗೆ ಅರ್ಧ ಗಂಟೆಯ ಕೆಲಸ. ಹೆಂಡತಿ ಹೇಳಿದಾಗಲೆಲ್ಲ "ಇರ್ಲಿ ಬಿಡು" ಎಂದು ತೇಲಿಸಿಬಿಡುತ್ತಿದ್ದ.

ಈಗ ಅವನು ಮಾಡಿದ್ದೇನು? ಟ್ರೇ ಮೇಲೆ ತೆಳು ಬಟ್ಟೆ ಹೊದಿಸಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತ. ಕೋಣೆಗೆ ಹೋಗಿ ತಪ್ಪಾಯಿತು ಎನ್ನಲು ಕಾಲು ಬರಲಿಲ್ಲ. ತಿನಿಸು ಚೆನ್ನಾಗಿ ಕೂತರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ.

ತಿನಿಸು ಚೆನ್ನಾಗಿಯೇ ಕೂತಿತ್ತು. ಬಟ್ಟೆ ತೆಗೆದು, ಒಂದು ಚಿಪ್ಸಿನ ತುದಿ ಹಿಡಿದು ಎತ್ತಿದರೆ ಇಡೀ ಟ್ರೇಯ ನಾಚೋಸ್ ಒಂದೇ ಹಲಗೆಯಾಗಿ ಮೇಲೆದ್ದು ಬಂತು. ಚಮಚದಿಂದ ಮೀಟಿದ, ಬಗ್ಗಿದ್ದು ಚಮಚ. ಚಾಕುವಿನ ಹಿಡಿಯಿಂದ ಠಕ್ ಠಕ್ ಎಂದು ಕುಟ್ಟಿದ. ಹದಿನೈದು ವರ್ಷ ನೆಲ ಹಾಕಿದವನಿಗೆ ಇಷ್ಟು ಪಟ್ಟಾಗಿ ಕೂತ ಕೆಲಸ ಸಿಕ್ಕಿದ್ದು ಇದೇ ಮೊದಲು.

ಸದ್ದು ಕೇಳಿ ಹುಡುಗಿ ಮತ್ತೆ ಬಂದು ಬಾಗಿಲಲ್ಲಿ ನಿಂತಳು. ಎರಡೂ ಕೈಯಲ್ಲಿ ಹಲಗೆ ಹಿಡಿದು ಪೆಚ್ಚಾಗಿ ನಿಂತ ಆ ಮನುಷ್ಯನನ್ನು ನೋಡಿದಳು.

"ಬಿಸಿ ಇರೋವಾಗ್ಲೇ ತಿನ್ಬೇಕು ಅದನ್ನ," ಎಂದಳು. "ಯಾರಾದ್ರೂ ನಾಚೋಸ್‌ನ ಒಣಗಿಸ್ತಾರಾ?"

"ನನಗೆ ಗೊತ್ತಾಗ್ಲಿಲ್ಲ."

ಅವಳು ಮೂಲೆಗೆ ಹೋದಳು. ಅಲ್ಲಿ ಅವನ ಕೆಲಸದ ಚೀಲವಿತ್ತು. ಇಷ್ಟು ದಿನ ಕಾಲಿಗೆ ತಗುಲೀತೆಂದು ಸುತ್ತು ಬಳಸಿ ಓಡಾಡುತ್ತಿದ್ದ ಚೀಲ. ಅದರೊಳಗೆ ಕೈಹಾಕಿ ರಬ್ಬರ್ ಸುತ್ತಿಗೆ ತೆಗೆದು, ನಲ್ಲಿಯಲ್ಲಿ ಚೆನ್ನಾಗಿ ತೊಳೆದಳು. ಅವನು ಹಲಗೆಯನ್ನು ಮೇಜಿನ ಮೇಲಿಟ್ಟ. ಒಂದೇ ಏಟು. ಹಲಗೆ ನಾಲ್ಕು ಹೋಳಾಗಿ, ಚೂರುಗಳು ಸಿಂಕಿನವರೆಗೂ ಹಾರಿದವು. ಇಬ್ಬರೂ ನಗಲಿಲ್ಲ, ಆದರೆ ತಡೆದುಕೊಂಡದ್ದು ಇಬ್ಬರ ಮುಖದಲ್ಲೂ ಕಾಣುತ್ತಿತ್ತು.

ಹುಡುಗಿ ಒಂದು ಹೋಳಿನ ಮೇಲೆ ಟೊಮೇಟೊ, ಬೆಣ್ಣೆಹಣ್ಣು ಹೇರಿಕೊಂಡು ಕಚ್ಚಿದಳು. ಕಟುಂ ಎಂದಿತು. ಅಗಿದು ನುಂಗಿ, ನೆಲದ ಕಡೆ ತೋರಿಸಿದಳು. "ಅದನ್ನ ಯಾಕೆ ಕಿತ್ತಿಲ್ಲ ನೀವು? ನಾನು ಹಾಳು ಮಾಡಿದ್ದು ಅಂತ ದಿನಾ ನನಗೆ ತೋರ್ಸೋಕಾ?"

ಆರು ತಿಂಗಳು ಈ ಮಗು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದು ಇದನ್ನೇ!

"ಛೆ, ಅಲ್ಲ ಮರಿ. ಅದು ನಿನ್ನ ಹಿಮ್ಮಡಿ ಗುರುತು. ಕಿತ್ರೆ ಹೋಗಿಬಿಡುತ್ತಲ್ಲ ಅಂತ." ಅಷ್ಟು ಹೊರಬಿದ್ದ ಮೇಲೆ ಉಳಿದದ್ದೂ ಹೇಗೋ ಬಂತು. "ಆವತ್ತೂ ಬೈಬಾರದಿತ್ತು, ಇವತ್ತೂ ಬೈಬಾರದಿತ್ತು. ನೀನು ಹೋಗ್ಬೇಡ. ಹೋದ್ರೆ ನನಗೆ ತುಂಬಾ ಬೇಜಾರಾಗುತ್ತೆ."

ಹುಡುಗಿ ಕೈಯಲ್ಲಿದ್ದ ಹೋಳನ್ನು ಪೂರ್ತಿ ತಿಂದಳು, ಬೆರಳು ನೆಕ್ಕಿದಳು.

"ಇನ್ನೊಂದು ಪ್ಯಾಕೆಟ್ ಇದೆಯಾ?"

ಇತ್ತು. ಈ ಸಲ ಹರಡಿದವಳು ಅವಳೇ. ಮುರಿದದ್ದು, ಸೀಳಿದ್ದು, ಅವನು ಬಟ್ಟಲಿಗೆ ಎತ್ತಿಟ್ಟಿದ್ದದ್ದು, ಎಲ್ಲವನ್ನೂ ರಾಶಿ ಸುರಿದು ಚೀಸ್ ಎರಚಿದಳು. ಅವನ ಕೈ ಸರಿಪಡಿಸಲು ಎರಡು ಸಲ ಮುಂದೆ ಹೋಗಿ ಎರಡು ಸಲವೂ ಹಿಂದೆ ಬಂತು. ಟ್ರೇ ಓವನ್ನಿನಿಂದ ಹೊರಬರುವುದಕ್ಕೂ ಕರೆಗಂಟೆ ಮೊಳಗುವುದಕ್ಕೂ ಸರಿಹೋಯಿತು.

ದೊಡ್ಡಮ್ಮ ಕಾರಿನ ಬೀಗದಕೈ ಆಡಿಸುತ್ತಲೇ ಒಳಗೆ ಬಂದಳು. "ರೆಡಿನಾ? ಎಲ್ಲೇ ನಿನ್ನ ಬ್ಯಾಗು?" ಎಂದು ನೇರ ಅಡುಗೆಮನೆಗೆ ನುಗ್ಗಿದವಳು ಒಲೆಯ ಮುಂದೆ ಮುಗ್ಗರಿಸಿ ಮೇಜು ಹಿಡಿದುಕೊಂಡಳು. ಕಾಲ ಬುಡ ನೋಡಿ ಅವನತ್ತ ತಿರುಗಿದಳು. "ಏನಪ್ಪಾ, ಊರವರ ಮನೆ ನೆಲವೆಲ್ಲ ಕನ್ನಡಿ ಹಾಗೆ ಹಾಕ್ತೀಯಂತೆ. ಸ್ವಂತ ಮನೇಲಿ ಒಂದು ಟೈಲ್ಸ್ ಸರಿ ಮಾಡೋಕೆ ಆಗಲ್ವಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಟ್ರೇಯನ್ನು ಮೇಜಿನ ನಡುವೆ ತಂದಿಟ್ಟಳು.

"ಅದು ನಂದು, ದೊಡ್ಡಮ್ಮ. ಅಲ್ಲೇ ಇರುತ್ತೆ," ಎಂದಳು. "ನಾನೂ ಎಲ್ಲೂ ಬರ್ತಿಲ್ಲ. ಕೂತ್ಕೋ, ಬಿಸಿ ಇರೋವಾಗ್ಲೇ ತಿಂದ್ಬಿಡು."